ಅಂದದ ಚಿತ್ರವೋ, ಅಸಲು ಯಂತ್ರವೋ?

(ಸಂಘದ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ವಾಚನಾಲಯದ ಮೇಜಿನ ಸುತ್ತ ಕುಳಿತು ಪತ್ರಿಕೆ ಓದುವ ನಮ್ಮ ತರುಣರಲ್ಲಿ ಈಚೆಗೆ ಒಂದು ಚರ್ಚೆ ಎದ್ದಿದೆ. ಹುಡುಗರಾಗಿದ್ದಾಗ ಆಡಿದ ವಿಡಿಯೋ ಆಟಗಳನ್ನು ಮತ್ತೊಮ್ಮೆ ಆಡಬೇಕೆಂಬ ಆಸೆ ಕೆಲವರಿಗೆ ಹುಟ್ಟಿದೆ. ದೀಪಾವಳಿಯ ಬೋನಸ್ಸೋ ಓವರ್‌ಟೈಮಿನ ಹಣವೋ ಕೈಗೆ ಬಂದಾಗ ಈ ಆಸೆಗೆ ರೆಕ್ಕೆ ಮೂಡುತ್ತದೆ. ಆಗ ಏಳುವ ಪ್ರಶ್ನೆ ಇದು: ಹಳೆಯ ಅಸಲು ಯಂತ್ರವನ್ನೇ ಹುಡುಕಿ ಕೊಳ್ಳಬೇಕೆ, ಇಲ್ಲವೆ ಇಂದಿನ ಚಪ್ಪಟೆ ಟಿವಿಯ ಮೇಲೆ ಚೊಕ್ಕವಾಗಿ ಕಾಣುವಂತೆ ಮಾಡುವ ಹೊಸ ಸಾಧನವನ್ನು ಕೊಳ್ಳಬೇಕೆ? ಒಬ್ಬರು ಯಂತ್ರ ಅಸಲಾಗಿರಬೇಕು ಎನ್ನುತ್ತಾರೆ. ಇನ್ನೊಬ್ಬರು ಚಿತ್ರ ಅಂದವಾಗಿರಬೇಕು ಎನ್ನುತ್ತಾರೆ. ಈ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು.

ಆಟದ ಸಂಗತಿ ವಾಚನಾಲಯಕ್ಕೇಕೆ ಎಂದು ಹಿರಿಯರು ಹುಬ್ಬೇರಿಸಬಹುದು. ಊರಿಗೆ ಹಣ ಕಳುಹಿಸಿ, ಖೋಲಿಯ ಬಾಡಿಗೆ ಕಟ್ಟಿ, ಮೆಸ್ಸಿನ ಲೆಕ್ಕ ತೀರಿಸಿ, ಉಳಿದ ಹಣದಲ್ಲಿ ಒಬ್ಬ ಮನುಷ್ಯನು ಏನನ್ನಾದರೂ ಕೊಳ್ಳಹೊರಟರೆ, ಅದು ಆಟದ ಸಾಮಾನೇ ಆಗಿದ್ದರೂ, ಅವನಿಗೆ ತಿಳಿದವರು ನಾಲ್ಕು ಮಾತು ಹೇಳುವುದು ಸಂಘದ ಕೆಲಸವೇ ಎಂದು ನನ್ನ ಎಣಿಕೆ.

ಮೊದಲು ಯಾವ ಯಂತ್ರಗಳ ಮಾತೆಂಬುದನ್ನು ಗೊತ್ತುಮಾಡಿಕೊಳ್ಳೋಣ. ಜಪಾನಿನ ನಿಂಟೆಂಡೋ ಕಂಪೆನಿಯವರು ೧೯೮೩ರ ಜುಲೈ ತಿಂಗಳಲ್ಲಿ ಫ್ಯಾಮಿಕಾಂ ಎಂಬ ಕೆಂಪು-ಬಿಳಿ ಬಣ್ಣದ ಪುಟ್ಟ ಪೆಟ್ಟಿಗೆಯನ್ನು ಮಾರಾಟಕ್ಕೆ ತಂದರು. ೧೯೮೫ರಲ್ಲಿ ಅದಕ್ಕೇ ಬೇರೆ ಅಂಗಿ ತೊಡಿಸಿ ಅಮೆರಿಕೆಗೆ ಕಳುಹಿಸಿದರು. ಅಲ್ಲಿ ಅದರ ಹೆಸರು ಎನ್.ಇ.ಎಸ್. ಎಂದಾಯಿತು. ೧೯೮೮ರಲ್ಲಿ ಸೇಗಾ ಕಂಪೆನಿಯ ಮೆಗಾ ಡ್ರೈವ್ ಬಂತು. ೧೯೯೦ರಲ್ಲಿ ನಿಂಟೆಂಡೋದವರ ಸೂಪರ್ ಫ್ಯಾಮಿಕಾಂ ಬಂತು. ಈ ಮೂರು ನಾಲ್ಕು ಪೆಟ್ಟಿಗೆಗಳ ಸುತ್ತಲೇ ಇಂದಿನ ಮಾತು.

ನಮ್ಮ ದೇಶದಲ್ಲಿ ೧೯೯೦ರ ದಶಕದಲ್ಲಿ ಬಹುಜನರ ಮನೆಗೆ ಬಂದದ್ದು ಈ ಅಸಲು ಪೆಟ್ಟಿಗೆಗಳಲ್ಲ, ಫ್ಯಾಮಿಕಾಂನ ಪಡಿಯಚ್ಚುಗಳು. ಆಟದ ತುಂಡನ್ನು ನಾವು ಕ್ಯಾಸೆಟ್ಟು ಎಂದೇ ಕರೆದೆವು, ಒಳಗೆ ಟೇಪಿನ ಸುಳಿವೂ ಇಲ್ಲದಿದ್ದರೂ. '೯೯೯೯ ಆಟಗಳು' ಎಂದು ಮೇಲೆ ಅಚ್ಚು ಹಾಕಿದ ಕ್ಯಾಸೆಟ್ಟಿನಲ್ಲಿ ಬೆರಳೆಣಿಕೆಯಷ್ಟು ಆಟಗಳೇ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದುದನ್ನು ಇಲ್ಲಿರುವ ಅನೇಕರು ಬಲ್ಲರು. ೧೯೯೫ರಲ್ಲಿ ಶಾ ವಾಲೇಸ್ ಕಂಪೆನಿಯವರು ಸೇಗಾ ಯಂತ್ರವನ್ನು ಅಧಿಕೃತವಾಗಿ ಇಲ್ಲಿ ಮಾರಿದರು. ಅದರ ಬೆಲೆ ೧೮,೦೦೦ ರೂಪಾಯಿ. ಆಗಿನ ಗುಮಾಸ್ತನಿಗೆ ಅದು ಹಲವು ತಿಂಗಳ ಸಂಬಳ. ಆದುದರಿಂದ 'ನಾನು ಚಿಕ್ಕಂದಿನಲ್ಲಿ ಆಡಿದ ಅಸಲು ಯಂತ್ರವೇ ಬೇಕು' ಎನ್ನುವ ಗೆಳೆಯರು ಮೊದಲು ತಾವು ಆಡಿದ್ದು ಯಾವುದೆಂದು ನೆನಪು ಮಾಡಿಕೊಳ್ಳುವುದು ಒಳ್ಳೆಯದು. ಅದು ಪಡಿಯಚ್ಚಾಗಿದ್ದರೆ, ಜಪಾನಿನ ಅಸಲು ಪೆಟ್ಟಿಗೆಗೆ ದುಡ್ಡು ಸುರಿದರೂ ಅವರಿಗೆ ಸಿಗುವುದು ಬೇರೊಬ್ಬರ ಬಾಲ್ಯವೇ ಹೊರತು ತಮ್ಮದಲ್ಲ.

ಈಗ ಚಿತ್ರದ ಮಾತಿಗೆ ಬರೋಣ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಜಗಳವೆಲ್ಲ ಹುಟ್ಟುವುದು ಇಲ್ಲಿಯೇ.

ಹಳೆಯ ಡಬ್ಬಾ ಟಿವಿಯಲ್ಲಿ ಒಂದು ದೊಡ್ಡ ಗಾಜಿನ ಕೊಳವೆಯಿದೆ. ಅದರ ಕುತ್ತಿಗೆಯಲ್ಲಿ ಎಲೆಕ್ಟ್ರಾನುಗಳನ್ನು ಹೊಡೆಯುವ ಒಂದು ಸಾಧನ. ಮುಂದಿನ ಗಾಜಿನ ಒಳಮೈಗೆ ಫಾಸ್ಫರ್ ಎಂಬ ಹೊಳೆಯುವ ಪುಡಿಯ ಲೇಪ. ಕಿರಣ ತಾಗಿದಲ್ಲಿ ಪುಡಿ ಮಿನುಗುತ್ತದೆ. ಹೊಲ ಉಳುವ ರೈತನಂತೆ ಆ ಕಿರಣ ಎಡದಿಂದ ಬಲಕ್ಕೆ ಒಂದು ಸಾಲು ಎಳೆದು, ಹಿಂದಿರುಗಿ, ಅದರ ಕೆಳಗೆ ಮತ್ತೊಂದು ಸಾಲು ಎಳೆಯುತ್ತದೆ. ಜಪಾನು ಮತ್ತು ಅಮೆರಿಕೆಗಳ ಪದ್ಧತಿಯಲ್ಲಿ ಒಟ್ಟು ೫೨೫ ಸಾಲು. ಎಲ್ಲವನ್ನೂ ಒಂದೇ ಸಲ ಉಳುವುದಿಲ್ಲ. ಮೊದಲು ಬೆಸ ಸಾಲುಗಳು, ಮುಂದಿನ ಸುತ್ತಿಗೆ ಸಮ ಸಾಲುಗಳು. ಸೆಕೆಂಡಿಗೆ ಇಂಥ ೬೦ ಸುತ್ತು. ನಮ್ಮ ಕಣ್ಣು ಎರಡನ್ನೂ ಹೆಣೆದು ಒಂದು ಚಿತ್ರ ಮಾಡಿಕೊಳ್ಳುತ್ತದೆ.

ಆಟದ ಪೆಟ್ಟಿಗೆಗಳನ್ನು ಕಟ್ಟಿದವರು ಇಲ್ಲೊಂದು ಜಾಣತನ ಮಾಡಿದರು. ಪ್ರತಿ ಸುತ್ತಿಗೂ ಕಿರಣ ಅದೇ ಸಾಲುಗಳ ಮೇಲೆ ಓಡುವಂತೆ ಸಂಕೇತ ಕಳುಹಿಸಿದರು. ಇದರಿಂದ ಸೆಕೆಂಡಿಗೆ ೬೦ ಪೂರ್ಣ ಚಿತ್ರಗಳು ಸಿಕ್ಕವು. ಚಿತ್ರ ಅದುರುವುದು ನಿಂತಿತು. ಮಧ್ಯದ ಸಾಲುಗಳು ಮಾತ್ರ ಬೀಳುಭೂಮಿಯಂತೆ ಕಪ್ಪಾಗಿ ಉಳಿದವು. ಹಳೆಯ ಆಟಗಳ ಚಿತ್ರದಲ್ಲಿ ಕಾಣುವ ಆ ಸಣ್ಣ ಕಪ್ಪು ಗೆರೆಗಳ ಗುಟ್ಟು ಇದೇ.

ಇಂದಿನ ಚಪ್ಪಟೆ ಟಿವಿಗೆ ಈ ಸಂಕೇತ ಕೊಟ್ಟರೆ ಏನಾಗುತ್ತದೆ? ಎಷ್ಟೋ ಟಿವಿಗಳು ಇದನ್ನು ಹಳೆಯ ಕಾಲದ ಬೆಸ-ಸಮ ಸಾಲುಗಳ ಪ್ರಸಾರವೆಂದೇ ಭಾವಿಸಿ, ಎರಡು ಸುತ್ತುಗಳನ್ನು ಹೆಣೆಯಲು ಹೋಗುತ್ತವೆ. ಹೆಣೆಯಬೇಕಾದದ್ದು ಏನೂ ಇಲ್ಲದಿದ್ದರೂ ಹೆಣೆಯುತ್ತವೆ. ಫಲವಾಗಿ ಓಡುವ ಬೊಂಬೆಯ ಅಂಚಿಗೆ ಬಾಚಣಿಗೆಯ ಹಲ್ಲುಗಳು ಮೂಡುತ್ತವೆ. ಚಿತ್ರವೆಲ್ಲ ಒದ್ದೆ ಬಟ್ಟೆಯಿಂದ ಒರೆಸಿದಂತೆ ಮಸುಕಾಗುತ್ತದೆ. ಒಂದು ಸುತ್ತಿಗೆ ಕಾಣಿಸಿ, ಮರು ಸುತ್ತಿಗೆ ಮರೆಯಾಗುವಂತೆ ಬರೆದ ನೆರಳುಗಳಿವೆ. ಅವು ಕೆಲವು ಟಿವಿಗಳಲ್ಲಿ ಮಾಯವೇ ಆಗಿಬಿಡುತ್ತವೆ. ಅಸಲು ಯಂತ್ರವನ್ನು ಬಹಳ ಬೆಲೆ ಕೊಟ್ಟು ತಂದು ಗೋಡೆಯ ಚಪ್ಪಟೆ ಟಿವಿಗೆ ಸಿಕ್ಕಿಸಿ, 'ಛೆ, ಇದು ಹೀಗಿತ್ತೇ?' ಎಂದು ನೊಂದುಕೊಳ್ಳುವವರ ಕಥೆ ಇದು. ಯಂತ್ರದ್ದೂ ತಪ್ಪಿಲ್ಲ, ನೆನಪಿನದೂ ತಪ್ಪಿಲ್ಲ.

ಹಾಗಾದರೆ ಚಿತ್ರವನ್ನು ಚೊಕ್ಕ ಮಾಡಿ, ಒಂದೊಂದು ಚುಕ್ಕೆಯೂ ಎಣಿಸುವಂತೆ ತೋರಿಸಿದರೆ ಆಯಿತೆ? ಇದಕ್ಕೆ ಕರಾವಳಿಯ ಕಡೆಯ ಗೆಳೆಯರು ಉತ್ತರ ಹೇಳಬಲ್ಲರು. ಯಕ್ಷಗಾನದ ಬಣ್ಣದ ವೇಷವನ್ನು ದೀವಟಿಗೆಯ ಬೆಳಕಿಗೆ, ದೂರದ ಗದ್ದೆಯಲ್ಲಿ ಕುಳಿತು ನೋಡುವವನ ಕಣ್ಣಿಗೆ ಎಂದು ಬರೆದದ್ದು. ಅಕ್ಕಿ ಹಿಟ್ಟಿನ ಚುಟ್ಟಿ, ದಪ್ಪ ಕೆಂಪು, ಕಪ್ಪು ಗೆರೆ, ಇವೆಲ್ಲ ಆ ಕುಣಿಯುವ ಬೆಳಕಿನಲ್ಲಿ ಕೂಡಿ ರಾಕ್ಷಸನ ಮುಖವಾಗುತ್ತವೆ. ಅದೇ ವೇಷಧಾರಿಯನ್ನು ಬೆಳಗಾದ ಮೇಲೆ ಚೌಕಿಯ ಬಾಗಿಲಲ್ಲಿ ಒಂದು ಮೊಳ ದೂರದಿಂದ ನೋಡಿದರೆ ಹಿಟ್ಟು ಹಿಟ್ಟಾಗಿ, ಮಸಿ ಮಸಿಯಾಗಿ ಕಾಣುತ್ತದೆ. ನೋಟ ಸ್ಪಷ್ಟವಾಯಿತು, ನಿಜ. ರಾಕ್ಷಸ ಹೊರಟುಹೋದ.

ಹಳೆಯ ಆಟಗಳ ಚಿತ್ರಗಾರರೂ ಕೊಳವೆ ಟಿವಿಯ ಮಸುಕನ್ನು ಒಂದು ಬಣ್ಣದಂತೆ ಬಳಸಿಕೊಂಡರು. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆಯೊಂದಿದೆ. ಎಲ್ಲರೂ ಕೊಡುತ್ತಾರೆಂದು ನಾನು ಬಿಡಲಾರೆ, ಅಷ್ಟು ಚೆನ್ನಾಗಿದೆ. ೧೯೯೧ರಲ್ಲಿ ಮೆಗಾ ಡ್ರೈವ್‌ಗೆ ಬಂದ 'ಸಾನಿಕ್ ದಿ ಹೆಡ್ಜ್‌ಹಾಗ್' ಎಂಬ ಆಟದ ಮೊದಲ ಘಟ್ಟದಲ್ಲಿ ಜಲಪಾತಗಳಿವೆ. ಆ ಯಂತ್ರಕ್ಕೆ ಪಾರದರ್ಶಕವಾದ ನೀರನ್ನು ತೋರಿಸುವ ಶಕ್ತಿ ಹಾಗೆ ಸುಲಭವಾಗಿ ಇರಲಿಲ್ಲ. ಚಿತ್ರಗಾರರು ನೀರನ್ನು ಒಂದು ಗೆರೆ ಬಿಟ್ಟು ಒಂದು ಗೆರೆಯಂತೆ ಉದ್ದುದ್ದ ಪಟ್ಟೆಗಳಾಗಿ ಬರೆದರು. ಒಂದೇ ಹಳದಿ ತಂತಿಯಲ್ಲಿ ಬಣ್ಣವೂ ಬೆಳಕೂ ಬೆರೆತು ಹರಿಯುವಾಗ ಈ ಪಟ್ಟೆಗಳು ಒಂದಕ್ಕೊಂದು ಕರಗಿ, ಹಿಂದಿನ ಬಂಡೆ ಕಾಣುವ ತೆಳುನೀರಾಗಿಬಿಡುತ್ತಿತ್ತು. ಇಂದು ಉತ್ತಮ ದರ್ಜೆಯ ತಂತಿ ಹಾಕಿ, ಕೆಂಪು-ಹಸಿರು-ನೀಲಿಗಳನ್ನು ಬೇರೆ ಬೇರೆಯಾಗಿ ತಂದರೆ ನೀರು ಹೋಗಿ ಪಟ್ಟೆಪಟ್ಟೆಯ ಜಮಖಾನೆ ಕಾಣುತ್ತದೆ. ಇಲ್ಲಿ ಕೆಟ್ಟ ತಂತಿಯೇ ಒಳ್ಳೆಯ ತಂತಿ!

ಫ್ಯಾಮಿಕಾಂನ ಬಣ್ಣದ ಕಥೆ ಇನ್ನೂ ವಿಚಿತ್ರ. ಅದರ ಚಿತ್ರದ ಚಿಪ್ಪಿನ ಒಳಗೆ ಕೆಂಪು-ಹಸಿರು-ನೀಲಿ ಎಂಬ ಮೂರು ಬಣ್ಣಗಳು ಬೇರೆ ಬೇರೆಯಾಗಿ ಇಲ್ಲವೇ ಇಲ್ಲ. ಅದು ಟಿವಿಗೆ ಬೇಕಾದ ಬೆರಕೆ ಸಂಕೇತವನ್ನೇ ನೇರವಾಗಿ ಹುಟ್ಟಿಸುತ್ತದೆ. ಅದನ್ನು ಯಾವ ಬಣ್ಣವಾಗಿ ತೋರಿಸಬೇಕೆಂಬುದು ಆಯಾ ಟಿವಿಯ ಮರ್ಜಿ. ಒಂದು ಮನೆಯಲ್ಲಿ ಆಕಾಶ ತಿಳಿನೀಲಿ, ಪಕ್ಕದ ಮನೆಯಲ್ಲಿ ನೇರಳೆಯ ಛಾಯೆ. ನಿಂಟೆಂಡೋದವರೇ ಅಂಗಡಿ-ಹೋಟೆಲುಗಳಲ್ಲಿ ಇಡುವ ದೊಡ್ಡ ಆಟದ ಯಂತ್ರಗಳಿಗೆಂದು ಮೂರು ಬಣ್ಣ ಬೇರೆ ಬೇರೆ ಕೊಡುವ ಚಿಪ್ಪು ಮಾಡಿದರು. ಅದರ ಬಣ್ಣಗಳು ಮನೆಯ ಯಂತ್ರದ ಬಣ್ಣಗಳಿಗೆ ಸರಿಹೊಂದುವುದಿಲ್ಲ. ಹೀಗಿರಲು 'ಅಸಲು ಬಣ್ಣ' ಯಾವುದೆಂದು ಯಾರು ತೀರ್ಪು ಕೊಡಬೇಕು?

ಆಕಾರದ್ದೂ ಇದೇ ಪಾಡು. ಫ್ಯಾಮಿಕಾಂ ಚಿತ್ರ ಅಡ್ಡಕ್ಕೆ ೨೫೬, ಉದ್ದಕ್ಕೆ ೨೪೦ ಚುಕ್ಕೆ. ಹಳೆಯ ಟಿವಿ ಇದನ್ನು ೪:೩ರ ಚೌಕಟ್ಟಿನಲ್ಲಿ ಸ್ವಲ್ಪ ಅಡ್ಡಕ್ಕೆ ಹಿಗ್ಗಿಸಿ ತೋರಿಸುತ್ತಿತ್ತು. ಚುಕ್ಕೆಗಳನ್ನು ಸಮಚೌಕವಾಗಿ ತೋರಿಸಿದರೆ ಮಾರಿಯೋ ಬಡಕಲಾಗುತ್ತಾನೆ. ಇಂದಿನ ಟಿವಿಯ ಅಗಲಕ್ಕೆಲ್ಲ ಎಳೆದರೆ ಮದುವೆ ಊಟ ಮಾಡಿ ಬಂದವನಂತೆ ಉಬ್ಬುತ್ತಾನೆ. ಹೀಗೆ ಎಳೆದು ಆಡುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಟಿವಿಯ ಗುಂಡಿ ಒತ್ತಿ ೪:೩ಕ್ಕೆ ತರುವುದಕ್ಕೆ ಕಾಸು ಖರ್ಚಿಲ್ಲ.

ಇನ್ನು ಕೈಯ ಸಂಗತಿ. ಗುಂಡಿ ಒತ್ತಿದ ಕೂಡಲೆ ಬೊಂಬೆ ನೆಗೆಯಬೇಕು. ಅಸಲು ಪೆಟ್ಟಿಗೆಯನ್ನು ಕೊಳವೆ ಟಿವಿಗೆ ಸಿಕ್ಕಿಸಿದಾಗ ಸಂಕೇತ ಬಂದಂತೆಯೇ ಕಿರಣ ಬರೆಯುತ್ತ ಹೋಗುತ್ತದೆ. ಟಿವಿಯ ಕಡೆಯಿಂದ ತಡ ಎಂಬುದಿಲ್ಲ. ಚಪ್ಪಟೆ ಟಿವಿ ಹಾಗಲ್ಲ. ಅದು ಚಿತ್ರವನ್ನು ತೆಗೆದುಕೊಂಡು, ಹಿಗ್ಗಿಸಿ, ನಯ ಮಾಡಿ, ಆಮೇಲೆ ತೋರಿಸುತ್ತದೆ. ಒಂದು ಚಿತ್ರದ ಆಯುಸ್ಸು ಸೆಕೆಂಡಿನ ಅರವತ್ತನೆಯ ಒಂದು ಭಾಗ, ಎಂದರೆ ಸುಮಾರು ೧೬.೭ ಮಿಲಿಸೆಕೆಂಡು. ನಾಲ್ಕಾರು ಚಿತ್ರಗಳಷ್ಟು ತಡವಾದರೆ ಕೈ ಗುರುತಿಸುತ್ತದೆ. ೧೯೮೭ರ 'ಪಂಚ್-ಔಟ್' ಎಂಬ ಮುಷ್ಟಿಯುದ್ಧದ ಆಟವನ್ನು ಇಂಥ ಟಿವಿಯಲ್ಲಿ ಆಡಿ ಸೋತವರು ತಮಗೆ ವಯಸ್ಸಾಯಿತೆಂದುಕೊಳ್ಳುತ್ತಾರೆ. ವಯಸ್ಸಾಗಿರಬಹುದು, ಟಿವಿಯ 'ಗೇಮ್ ಮೋಡ್' ಹಾಕಿ ನೋಡಿದ ಮೇಲೆ ಆ ತೀರ್ಮಾನಕ್ಕೆ ಬರಲಿ.

ಬಂದೂಕಿನ ಆಟವೊಂದಂತೂ ಚಪ್ಪಟೆ ಟಿವಿಯಲ್ಲಿ ನಡೆಯುವುದೇ ಇಲ್ಲ. ೧೯೮೪ರ 'ಡಕ್ ಹಂಟ್' ನೆನಪಿದೆಯಷ್ಟೆ? ಕುದುರೆ ಎಳೆದ ಕ್ಷಣ ತೆರೆಯೆಲ್ಲ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿಯ ಚೌಕ ಮೂಡುತ್ತದೆ. ಬಂದೂಕಿನ ಮೂತಿಯಲ್ಲಿರುವ ಬೆಳಕಿನ ಕಣ್ಣು ಆ ಬಿಳುಪನ್ನು ಆ ಕ್ಷಣದಲ್ಲಿಯೇ ಕಂಡರೆ ಗುರಿ ತಾಗಿತೆಂದು ಲೆಕ್ಕ. ಕಣ್ಣೂ ಕೊಳವೆ ಟಿವಿಯ ಕಿರಣದ ಮಿಡಿತಕ್ಕೇ ಶ್ರುತಿಯಾದದ್ದು. ಚಪ್ಪಟೆ ಟಿವಿಯಲ್ಲಿ ಬಿಳುಪು ಬರುವುದೂ ತಡ, ಬಂದ ಬಿಳುಪಿನಲ್ಲಿ ಆ ಮಿಡಿತವೂ ಇಲ್ಲ. ಅಸಲು ಪೆಟ್ಟಿಗೆ, ಅಸಲು ಬಂದೂಕು, ಅಸಲು ಕ್ಯಾಸೆಟ್ಟು ಎಲ್ಲ ಇದ್ದರೂ ಒಂದು ಬಾತುಕೋಳಿಯೂ ಬೀಳದು.

ಇಷ್ಟನ್ನೂ ಕೂಡಿಸಿ ನೋಡಿದಾಗ ನನಗೆ ತೋರುವುದು ಇದು. ನಮ್ಮ ಗೆಳೆಯರು ಅಸಲುತನವನ್ನು ಪೆಟ್ಟಿಗೆಯಲ್ಲಿ ಹುಡುಕುತ್ತಾರೆ; ಅದರ ಬಹುಪಾಲು ಇರುವುದು ತೆರೆಯಲ್ಲಿ. ಪಡಿಯಚ್ಚಿನ ಪೆಟ್ಟಿಗೆಯೊಂದು ಕೊಳವೆ ಟಿವಿಯ ಮೇಲೆ ತೋರುವ ಚಿತ್ರ, ಅಸಲು ಪೆಟ್ಟಿಗೆಯೊಂದು ಚಪ್ಪಟೆ ಟಿವಿಯ ಮೇಲೆ ತೋರುವ ಚಿತ್ರಕ್ಕಿಂತ ಹಳೆಯ ನೋಟಕ್ಕೆ ಹತ್ತಿರ. ಇರುವ ಹಣ ಕಡಮೆಯಾದರೆ ಮೊದಲು ತೆರೆಯ ಯೋಚನೆ ಮಾಡಬೇಕು, ಆಮೇಲೆ ಪೆಟ್ಟಿಗೆಯದು. ಅಂಗಡಿಯವರು ಇದನ್ನು ಹೇಳುವುದಿಲ್ಲ. ಅವರ ಹತ್ತಿರ ಮಾರುವುದಕ್ಕೆ ಇರುವುದು ಪೆಟ್ಟಿಗೆ.

ಕೊಳವೆ ಟಿವಿ ಈಗ ಎಲ್ಲಿ ಸಿಗುತ್ತದೆ? ಸೋನಿಯವರು ೧೯೬೮ರಲ್ಲಿ ಆರಂಭಿಸಿದ ಹೆಸರಾಂತ ಟ್ರಿನಿಟ್ರಾನ್ ಕೊಳವೆಯ ತಯಾರಿಕೆಯನ್ನು ೨೦೦೮ರಲ್ಲಿ ನಿಲ್ಲಿಸಿದರು. ಉಳಿದವರೂ ಒಬ್ಬೊಬ್ಬರಾಗಿ ಕೈಬಿಟ್ಟರು. ಈಗಿರುವುದೆಲ್ಲ ಹಳೆಯ ದಾಸ್ತಾನು. ಆದರೆ ಮುಂಬಯಿಯಂಥ ಊರಿನಲ್ಲಿ ಭಂಗಾರ್‌ವಾಲನ ಗಾಡಿಯ ಮೇಲೆ ಆಗಾಗ ಒಂದು ಕಾಣುವುದುಂಟು. (ಊರಿನಿಂದ ಹೊಸದಾಗಿ ಬಂದ ನಮ್ಮವರು ಭಂಗಾರ್ ಎಂಬ ಕೂಗು ಕೇಳಿ, ಬೀದಿಯಲ್ಲಿ ಬಂಗಾರ ಮಾರುತ್ತಾರೆಂದು ಬೆರಗಾಗುವುದುಂಟು. ಕೊಳವೆ ಟಿವಿಯ ಮಟ್ಟಿಗೆ ಎರಡು ಅರ್ಥವೂ ಸರಿ.) ಪರಿಚಯದ ಮನೆಯವರು ಎಸೆಯಲು ಇಟ್ಟದ್ದನ್ನು ಕೇಳಿ ತೆಗೆದುಕೊಳ್ಳುವುದು ಎಲ್ಲಕ್ಕಿಂತ ಅಗ್ಗ. ಕೊಳ್ಳುವ ಮುಂಚೆ ಅರ್ಧ ಗಂಟೆ ಹಾಕಿಸಿ ನೋಡಬೇಕು: ಚಿತ್ರ ಕುಗ್ಗುತ್ತದೆಯೆ, ಮೂಲೆಗಳಲ್ಲಿ ಬಣ್ಣದ ಕಲೆ ಇದೆಯೆ, ಬಿಳುಪು ಹಳದಿಗಟ್ಟಿದೆಯೆ. ಮಾಲು ಭಾರ, ದೊಡ್ಡದಾದರೆ ಇಬ್ಬರು ಬೇಕು, ಲಿಫ್ಟು ಇಲ್ಲದ ಚಾಳಿನ ಮೂರನೆಯ ಮಾಳಿಗೆಯಾದರೆ ಮೂವರು. ಆರು ಜನ ಮಲಗುವ ಖೋಲಿಯಲ್ಲಿ ಇದಕ್ಕೆ ಜಾಗ ಎಲ್ಲಿ ಎಂಬುದನ್ನು ಉಳಿದ ಐವರನ್ನು ಕೇಳಿಯೇ ತೀರ್ಮಾನಿಸಬೇಕು.

ಒಂದು ಎಚ್ಚರಿಕೆ. ಕೊಳವೆ ಟಿವಿಯ ಹಿಂಬದಿಯ ಮುಚ್ಚಳ ತೆಗೆಯಕೂಡದು. ಕೊಳವೆಗೆ ಹೋಗುವ ವಿದ್ಯುತ್ತು ಇಪ್ಪತ್ತು ಸಾವಿರ ವೋಲ್ಟಿಗೂ ಮೀರಿದ್ದು; ಪ್ಲಗ್ಗು ಕಿತ್ತ ಮೇಲೂ ಅದು ಒಳಗೆ ಉಳಿದಿರಬಹುದು. ಗಾಜಿನಲ್ಲಿ ಸೀಸವಿದೆ, ಒಡೆದು ಬೀದಿಗೆ ಎಸೆಯಕೂಡದು. ರಿಪೇರಿ ಬಲ್ಲ ಹಳೆಯ ಮೆಕ್ಯಾನಿಕರು ಕಡಮೆಯಾಗುತ್ತಿದ್ದಾರೆ. ನಿಮ್ಮ ಓಣಿಯಲ್ಲಿ ಒಬ್ಬರಿದ್ದರೆ ಅವರ ಗುರುತು ಮಾಡಿಕೊಂಡಿರಿ.

ಅಸಲು ಪೆಟ್ಟಿಗೆಯನ್ನೇ ಕೊಳ್ಳುತ್ತೇನೆಂಬವರಿಗೂ ಕೆಲವು ಮಾತು. ಜಪಾನಿನ ಮನೆಗಳಲ್ಲಿ ವಿದ್ಯುತ್ತು ೧೦೦ ವೋಲ್ಟು, ನಮ್ಮಲ್ಲಿ ೨೩೦. ಅಲ್ಲಿಯ ಅಡಾಪ್ಟರನ್ನು ಇಲ್ಲಿಯ ಗೋಡೆಗೆ ನೇರವಾಗಿ ಸಿಕ್ಕಿಸಿದರೆ ಅಡಾಪ್ಟರಿನ ಕಥೆ ಅಲ್ಲಿಗೆ ಮುಗಿಯಿತು. ಇನ್ನೊಂದು ಬಲೆಯುಂಟು: ಅಮೆರಿಕೆಯ ಎನ್.ಇ.ಎಸ್. ಅಡಾಪ್ಟರು ಹೊರಗೆ ಕೊಡುವುದು ಎ.ಸಿ.; ಜಪಾನಿನ ಫ್ಯಾಮಿಕಾಂ ಬಯಸುವುದು ಡಿ.ಸಿ. ಆ ಎ.ಸಿ. ಅಡಾಪ್ಟರನ್ನು ಫ್ಯಾಮಿಕಾಂಗೆ ಹಾಕಿದರೆ ಪೆಟ್ಟಿಗೆಗೆ ಕುತ್ತು. ಕ್ಯಾಸೆಟ್ಟುಗಳಿಗೂ ಹೀಗೆಯೇ: ಫ್ಯಾಮಿಕಾಂ ಕ್ಯಾಸೆಟ್ಟಿಗೆ ೬೦ ಕಾಲು, ಎನ್.ಇ.ಎಸ್.ಗೆ ೭೨, ನಡುವೆ ಒಂದು ಜೋಡಕ ಬೇಕು.

ಮೊದಲ ಫ್ಯಾಮಿಕಾಂನಲ್ಲಿ ಹಳದಿ ತಂತಿಯ ತೂತೂ ಇಲ್ಲ. ಆಂಟೆನಾದ ದಾರಿಯಿಂದಲೇ ಚಿತ್ರ ಹೋಗಬೇಕು. ಅದು ಜಪಾನಿನ ಚಾನೆಲುಗಳ ಲೆಕ್ಕಕ್ಕೆ ಮಾಡಿದ್ದು. ನಮ್ಮ ಟಿವಿಗೆ ಚಿತ್ರ ಹಿಡಿಯುವುದೇ ಕಷ್ಟ. ಹಿಡಿದರೂ ಸದ್ದು ಬಾರದು, ಏಕೆಂದರೆ ಚಿತ್ರಕ್ಕೂ ಸದ್ದಿಗೂ ಅಲ್ಲಿ ಇಟ್ಟಿರುವ ಅಂತರ ೪.೫ ಮೆಗಾಹರ್ಟ್ಸ್, ನಮ್ಮಲ್ಲಿ ೫.೫. ೧೯೯೩ರಲ್ಲಿ ಬಂದ ಎರಡನೆಯ ರೂಪದ ಫ್ಯಾಮಿಕಾಂನಲ್ಲಿ ಹಳದಿ ತಂತಿಯ ದಾರಿಯಿದೆ. ಕೊಳ್ಳುವುದಾದರೆ ಅದು ಮೇಲು.

ವೇಗದ ಸಂಗತಿಯೂ ಉಂಟು. ನಮ್ಮ ದೇಶಕ್ಕೆ ೧೯೮೨ರಲ್ಲಿ ಬಣ್ಣದ ದೂರದರ್ಶನ ಬಂದಾಗ ಆರಿಸಿಕೊಂಡದ್ದು ಪಾಲ್ ಪದ್ಧತಿ: ೬೨೫ ಸಾಲು, ಸೆಕೆಂಡಿಗೆ ೫೦ ಸುತ್ತು. ೬೦ ಸುತ್ತಿನ ಲೆಕ್ಕಕ್ಕೆ ಬರೆದ ಆಟವನ್ನು ಬದಲಿಸದೆ ೫೦ ಸುತ್ತಿನ ಯಂತ್ರದಲ್ಲಿ ಓಡಿಸಿದರೆ ಅದು ಆರರಲ್ಲಿ ಒಂದು ಭಾಗ ನಿಧಾನವಾಗುತ್ತದೆ. ಯೂರೋಪಿನಲ್ಲಿಯೂ ನಮ್ಮಲ್ಲಿಯೂ ಎಷ್ಟೋ ಜನ ಈ ನಿಧಾನದ ಆಟವನ್ನೇ ಆಡಿ ಬೆಳೆದರು. ಈಗ ಜಪಾನಿನ ಯಂತ್ರ ತಂದರೆ 'ಇದೇಕೆ ಓಡುತ್ತಿದೆ?' ಎನ್ನಿಸೀತು. ಹಳೆಯ ಟಿವಿ ಪಾಲ್ ಒಂದನ್ನೇ ಬಲ್ಲದ್ದಾದರೆ ಜಪಾನಿನ ಯಂತ್ರದ ಚಿತ್ರ ಕಪ್ಪು-ಬಿಳುಪಾಗುತ್ತದೆ, ಇಲ್ಲವೆ ಉರುಳುತ್ತದೆ. ಎನ್.ಟಿ.ಎಸ್.ಸಿ. ಎಂಬ ಅಕ್ಷರಗಳು ಟಿವಿಯ ಹಿಂದೆಯೋ ಅದರ ಮೆನುವಿನಲ್ಲೋ ಇವೆಯೇ ಎಂದು ನೋಡಿಯೇ ಹಣ ಕೊಡಬೇಕು.

ಪೆಟ್ಟಿಗೆಗಳಿಗೂ ಮುಪ್ಪು ಬಂದಿದೆ. ಒಳಗಿನ ಕೆಪಾಸಿಟರುಗಳು ಒಣಗುತ್ತವೆ, ಇಲ್ಲವೆ ಸೋರಿ ತಾಮ್ರದ ಗೆರೆಗಳನ್ನು ತಿನ್ನುತ್ತವೆ. ಸೇಗಾದವರ ಗೇಮ್ ಗಿಯರ್ ಎಂಬ ಕೈಪೆಟ್ಟಿಗೆ ಇದಕ್ಕೆ ಕುಪ್ರಸಿದ್ಧ. ಆಟದ ಸ್ಥಿತಿಯನ್ನು ಉಳಿಸಿಡುವ ಕ್ಯಾಸೆಟ್ಟುಗಳೊಳಗೆ ಗುಂಡಿಯಂಥ ಒಂದು ಬ್ಯಾಟರಿ ಇರುತ್ತದೆ. ಅದು ತೀರಿದ ದಿನ ಉಳಿಸಿದ್ದೆಲ್ಲ ಹೋಗುತ್ತದೆ. ಇವೆಲ್ಲ ಸರಿಪಡಿಸಬಹುದಾದ ರೋಗಗಳೇ. ಬೆಸುಗೆ ಬಲ್ಲವನಿಗೆ ಇದು ಸಂತೋಷದ ಕೆಲಸ. ಬಾರದವನಿಗೆ ಪ್ರತಿ ಸಲವೂ ಖರ್ಚು.

ಈ ಎರಡು ತುದಿಗಳ ನಡುವೆ ದಾರಿಗಳು ಹಲವಿವೆ. ಒಂದು, ಅಸಲು ಪೆಟ್ಟಿಗೆಯನ್ನು ಇಟ್ಟುಕೊಂಡು, ಅದಕ್ಕೂ ಚಪ್ಪಟೆ ಟಿವಿಗೂ ನಡುವೆ ಒಬ್ಬ ಒಳ್ಳೆಯ ದುಭಾಷಿಯನ್ನು ಕೂರಿಸುವುದು. ಓ.ಎಸ್.ಎಸ್.ಸಿ., ೨೦೨೧ರ ರೆಟ್ರೋಟಿಂಕ್ ೫ಎಕ್ಸ್, ೨೦೨೩ರ ರೆಟ್ರೋಟಿಂಕ್ ೪ಕೆ ಇವು ಅಂಥವು. ಹಳೆಯ ಸಂಕೇತವನ್ನು ಸರಿಯಾಗಿ ಅರ್ಥಮಾಡಿಕೊಂಡು, ಬಹಳ ಕಡಮೆ ತಡದಲ್ಲಿ, ಬೇಕಾದರೆ ಕಪ್ಪು ಗೆರೆಗಳನ್ನೂ ಸೇರಿಸಿ ಟಿವಿಗೆ ಒಪ್ಪಿಸುತ್ತವೆ. ಚಿತ್ರ ಬಹಳ ಸೊಗಸು. ಬೆಲೆಯೂ ಅಷ್ಟೇ ಜೋರು. ಬೀದಿಬದಿಯಲ್ಲಿ ಸಿಗುವ ಅಗ್ಗದ ಎ.ವಿ.-ಎಚ್.ಡಿ.ಎಂ.ಐ. ಡಬ್ಬಿ ಇದರ ಬದಲಿಯಲ್ಲ. ಸಾಮಾನ್ಯವಾಗಿ ಅದೂ ಆ ಟಿವಿಯಂತೆಯೇ ಇಲ್ಲದ ಸಾಲುಗಳನ್ನು ಹೆಣೆಯಲು ಹೋಗುತ್ತದೆ.

ಇನ್ನೊಂದು ದಾರಿ ಎಫ್.ಪಿ.ಜಿ.ಎ. ಎಂಬ ಚಿಪ್ಪಿನದು. ಇದು ಮೇಣದಂಥ ಚಿಪ್ಪು; ಬೇಕಾದ ಯಂತ್ರದ ಒಳ ಜೋಡಣೆಯನ್ನು ಇದರಲ್ಲಿ ಒತ್ತಿ, ಹಳೆಯ ಚಿಪ್ಪುಗಳಂತೆಯೇ ಎಲ್ಲ ಭಾಗಗಳೂ ಒಟ್ಟಿಗೆ ದುಡಿಯುವಂತೆ ಮಾಡಬಹುದು. ಮಿಸ್ಟರ್ ಎಂಬ ಸಾಧನ ಆಸಕ್ತರೇ ಕೂಡಿ ಬೆಳೆಸುತ್ತಿರುವ ಇಂಥ ಪ್ರಯತ್ನ. ಒಂದೇ ಹಲಗೆ ಹತ್ತಾರು ಹಳೆಯ ಯಂತ್ರಗಳ ವೇಷ ಹಾಕುತ್ತದೆ. ಅನಲಾಗ್ ಕಂಪೆನಿಯವರು ೨೦೧೮ರಲ್ಲಿ ತಂದ ಸೂಪರ್ ಎನ್‌ಟಿ, ಸೂಪರ್ ಫ್ಯಾಮಿಕಾಂನ ಅಸಲು ಕ್ಯಾಸೆಟ್ಟುಗಳನ್ನೇ ನುಂಗಿ ಚೊಕ್ಕ ಚಿತ್ರ ಕೊಡುತ್ತದೆ. ಇವುಗಳನ್ನು 'ಅಸಲಿಗೆ ಸಮ' ಎನ್ನುವವರಿದ್ದಾರೆ. ಹಳೆಯ ಯಂತ್ರವನ್ನು ಅಳೆದು ನೋಡಿ ಮತ್ತೊಬ್ಬರು ಕಟ್ಟಿದ್ದೇ ಇದೂ. ಕಟ್ಟಿದವನು ಎಷ್ಟು ಸೂಕ್ಷ್ಮವಾಗಿ ನೋಡಿದ್ದಾನೋ ಅಷ್ಟು ಸರಿ, ಅಷ್ಟೇ.

ಮೂರನೆಯದು ಬಡವನ ದಾರಿ, ಆದರೆ ಬಡದಾರಿಯಲ್ಲ: ಎಮ್ಯುಲೇಟರ್. ಕಂಪ್ಯೂಟರಿನ ಒಂದು ತಂತ್ರಾಂಶ ಹಳೆಯ ಯಂತ್ರದ ನಟನೆ ಮಾಡುತ್ತದೆ. ಹಳೆಯ ಲ್ಯಾಪ್‌ಟಾಪು ಸಾಕು, ಕೈಯ ಫೋನೂ ಸಾಕು. ರೆಟ್ರೋಆರ್ಚ್ ಎಂಬುದು ಉಚಿತ. ಕೊಳವೆಯ ಗೆರೆ, ಹೊಳಪು, ಬಣ್ಣದ ಕರಗುವಿಕೆ ಇವನ್ನು ಅನುಕರಿಸುವ ಪರದೆಗಳು ಅದರಲ್ಲಿವೆ. ಸಾನಿಕ್‌ನ ಜಲಪಾತ ಮತ್ತೆ ಹರಿಯುತ್ತದೆ. ೨೦೧೮ರಿಂದ ಅದರಲ್ಲಿ ಮುಂದಿನ ಚಿತ್ರವನ್ನು ಮೊದಲೇ ಲೆಕ್ಕಹಾಕಿ ತಡವನ್ನು ತಗ್ಗಿಸುವ ಉಪಾಯವೂ ಇದೆ. ನಿಂಟೆಂಡೋದವರೇ ೨೦೧೬ರಲ್ಲಿ ೩೦ ಆಟ ತುಂಬಿ ಮಾರಿದ ಪುಟ್ಟ ಎನ್.ಇ.ಎಸ್. ಕ್ಲಾಸಿಕ್ ಒಳಗೆ ಇದ್ದುದೂ ಎಮ್ಯುಲೇಟರೇ. ತಯಾರಿಸಿದವರಿಗೇ ಇದು ಸಾಕೆನಿಸಿದ ಮೇಲೆ ನಾವು ಮೂಗು ಮುರಿಯುವುದೇಕೆ?

ಆದರೆ ಇದರಲ್ಲಿ ಕಾನೂನಿನ ಒಂದು ಗಂಟಿದೆ. ಎಮ್ಯುಲೇಟರು ಬೇರೆ, ಆಟದ ನಕಲು ಬೇರೆ. ಸೋನಿ ಮತ್ತು ಕನೆಕ್ಟಿಕ್ಸ್ ಕಂಪೆನಿಗಳ ನಡುವಿನ ಮೊಕದ್ದಮೆಯಲ್ಲಿ ಅಮೆರಿಕೆಯ ನ್ಯಾಯಾಲಯವೊಂದು ೨೦೦೦ದಲ್ಲಿ ಎಮ್ಯುಲೇಟರ್ ತಯಾರಿಸಿದವರ ಪರವಾಗಿ ತೀರ್ಪು ಕೊಟ್ಟಿತು. ಆಟಗಳ ಹಕ್ಕು ಮಾತ್ರ ಅವುಗಳ ಒಡೆಯರದೇ. ನಮ್ಮ ದೇಶದಲ್ಲಿಯೂ ೧೯೫೭ರ ಕೃತಿಸ್ವಾಮ್ಯದ ಕಾಯಿದೆ ಉಂಟು. ಸಿಕ್ಕಲ್ಲಿ ಇಳಿಸಿಕೊಂಡ ನಕಲುಗಳನ್ನು ಪೆನ್‌ಡ್ರೈವಿನಲ್ಲಿ ತುಂಬಿ ಮಾರುವವರ ಹತ್ತಿರ ಹೋಗಬೇಡಿರಿ ಎಂದಷ್ಟೇ ಹೇಳಬಲ್ಲೆ.

ಇನ್ನು ನನ್ನ ಸಲಹೆ ಕೇಳಿದರೆ ಹೇಳುತ್ತೇನೆ. ಒಪ್ಪುವುದು ಬಿಡುವುದು ನಿಮ್ಮದು. ಹಂಚಿಕೊಂಡ ಖೋಲಿಯಲ್ಲಿರುವ, ವರ್ಷಕ್ಕೊಮ್ಮೆ ಜಾಗ ಬದಲಿಸುವ ತರುಣನು ಎಮ್ಯುಲೇಟರು ಹಾಕಿಕೊಂಡು, ಒಂದು ಒಳ್ಳೆಯ ಕೈಗುಂಡಿಯ ಸಾಧನಕ್ಕೆ ಹಣ ಹಾಕಲಿ. ಚಿತ್ರದ ಕೊರತೆಯನ್ನು ಕಣ್ಣು ನಾಲ್ಕು ದಿನದಲ್ಲಿ ಮರೆಯುತ್ತದೆ. ಕೆಟ್ಟ ಗುಂಡಿಯನ್ನು ಬೆರಳು ಮರೆಯುವುದಿಲ್ಲ. ಮನೆಯಲ್ಲಿ ಅಟ್ಟದ ಮೇಲೆ ಹಳೆಯ ಪೆಟ್ಟಿಗೆಯೂ ಕ್ಯಾಸೆಟ್ಟುಗಳೂ ಇನ್ನೂ ಇರುವವರು, ಹೊಸದೇನನ್ನೂ ಕೊಳ್ಳುವ ಮೊದಲು ಒಂದು ಕೊಳವೆ ಟಿವಿ ಹುಡುಕಲಿ. ಮಕ್ಕಳಿಗೆ ತೋರಿಸಬೇಕು, ಗೋಡೆಯ ಟಿವಿಯೇ ಇರಲಿ, ಕ್ಯಾಸೆಟ್ಟುಗಳು ಮಾತ್ರ ತಮ್ಮವೇ ಆಗಿರಲಿ ಎನ್ನುವ ಗೃಹಸ್ಥರಿಗೆ ಎಫ್.ಪಿ.ಜಿ.ಎ. ಪೆಟ್ಟಿಗೆ ತಕ್ಕದ್ದು, ಜೇಬು ಒಪ್ಪಿದರೆ. ಅಸಲು ಯಂತ್ರವೂ ಬೇಕು, ಚೊಕ್ಕ ಚಿತ್ರವೂ ಬೇಕೆಂದು ಹಳೆಯ ಪೆಟ್ಟಿಗೆಯ ಒಡಲನ್ನು ಕೊಯ್ದು ಎಚ್.ಡಿ.ಎಂ.ಐ. ಹಲಗೆ ಕೂರಿಸುವವರಿದ್ದಾರೆ. ನನಗೆ ಅದು ಅಷ್ಟಾಗಿ ಒಗ್ಗದು. ಹೊಸದಾಗಿ ತಯಾರಾಗದ ವಸ್ತುವಿಗೆ ತೂತು ಕೊರೆಯುವುದಕ್ಕೆ ಕೈ ಬರುವುದಿಲ್ಲ. ಹೊರಗೆ ದುಭಾಷಿಯನ್ನು ಇಟ್ಟರೆ ನಾಳೆ ಬೇಡವಾದಾಗ ಕಿತ್ತಿಡಬಹುದು.

ತಂತಿಯ ಬಗ್ಗೆ ಒಂದು ಮಾತು ಉಳಿಯಿತು. ಯೂರೋಪಿನ ಟಿವಿಗಳಲ್ಲಿದ್ದ ಮೂರು ಬಣ್ಣದ ದೊಡ್ಡ ಸ್ಕಾರ್ಟ್ ತೂತು ನಮ್ಮ ಟಿವಿಗಳಲ್ಲಿ ಸಾಮಾನ್ಯವಾಗಿ ಇರಲಿಲ್ಲ. ಆದರೆ ೨೦೦೦ದ ನಂತರದ ಎಷ್ಟೋ ಡಬ್ಬಾ ಟಿವಿಗಳ ಹಿಂದೆ ಕೆಂಪು-ಹಸಿರು-ನೀಲಿ ಬಣ್ಣದ ಮೂರು ಕಾಂಪೊನೆಂಟ್ ತೂತುಗಳಿವೆ. ಕೆಲವಕ್ಕೆ ಎಸ್-ವಿಡಿಯೋ ಉಂಟು. ಸೂಪರ್ ಫ್ಯಾಮಿಕಾಂ ಎಸ್-ವಿಡಿಯೋ ಕೊಡುತ್ತದೆ. ಮೆಗಾ ಡ್ರೈವ್ ಕೊಡುವುದಿಲ್ಲ. ಹಳದಿ ತಂತಿ ಮತ್ತು ಎಸ್-ವಿಡಿಯೋ ತಂತಿ ಎರಡನ್ನೂ ಈ ಮೇಜಿನ ಮೇಲೆ ತಂದಿಟ್ಟಿ‍ದ್ದೇನೆ. ಭಾಷಣ ಮುಗಿದ ಮೇಲೆ ಹತ್ತಿರ ಬಂದು ನೋಡಿರಿ. ನಿಮ್ಮ ಮನೆಯ ಟಿವಿಯ ಹಿಂಬದಿಯ ಫೋಟೋ ಫೋನಿನಲ್ಲಿದ್ದರೆ ತೋರಿಸಿರಿ, ಯಾವುದು ಹೊಂದುತ್ತದೆಂದು ಇಲ್ಲಿಯೇ ಹೇಳುತ್ತೇನೆ. ವಾಚನಾಲಯ ಎಂಟು ಗಂಟೆಗೆ ಮುಚ್ಚುತ್ತದೆಂದು ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ.